ಕೊನೆಯ ಪುಟಕ್ಕೆ ಅನುಮತಿ ಇಲ್ಲ

ಕತೆಗಳಿಗೆ ಕೊನೆ ಇರಬೇಕಾದ ಅಗತ್ಯವಿಲ್ಲ ಎಂಬ ನಿಯಮ ಈ ಶೈಕ್ಷಣಿಕ ವರ್ಷದಿಂದ ಜಾರಿಗೆ ಬಂದಿದೆ. ಹೊಸ ಮಾನದಂಡದ ಪ್ರಕಾರ ಮಗು ಓದಬೇಕಾದದ್ದು ‘ತುಣುಕು’. ತುಣುಕು ಎಂದರೆ ಒಂದು ಪುಟ ಮೀರದ, ಪ್ರಶ್ನೆ ಕೇಳಲು ಅನುಕೂಲವಾದ ಭಾಗ. ಕತೆ ಮುಗಿಸಿದ ಮಕ್ಕಳು ಖುಷಿಯಿಂದ ಪುಸ್ತಕ ಮುಚ್ಚಿ ಆಟಕ್ಕೆ ಓಡುತ್ತಾರೆಂದೂ, ಆ ಖುಷಿಯನ್ನು ಅಳೆಯಲು ಎಲ್ಲಿಯೂ ಕಾಲಂ ಇಲ್ಲವೆಂದೂ ಮೇಲಿನವರು ಆಳವಾದ ಅಧ್ಯಯನದಿಂದ ಕಂಡುಕೊಂಡಿದ್ದರು.

ಆದೇಶ ಕೈಸೇರಿದ ದಿನವೇ ಹೆಡ್ಮಾಸ್ಟರು ಸ್ಟಾಫ್‌ರೂಮಿನಲ್ಲಿ ಲೈಬ್ರರಿ ಪುಸ್ತಕಗಳನ್ನೆಲ್ಲ ರಾಶಿ ಹಾಕಿಸಿದರು. ಕತ್ತರಿಸಬೇಕಲ್ಲ! ಇಡೀ ಶಾಲೆಯಲ್ಲಿ ಕತ್ತರಿಯನ್ನು ನೆಟ್ಟಗೆ ಹಿಡಿಯಲು ಬರುತ್ತಿದ್ದುದು ಕ್ರಾಫ್ಟ್ ಟೀಚರೊಬ್ಬರಿಗೇ. ಹಾಗಾಗಿ ಅವರನ್ನೇ ಓದು ವಿಭಾಗದ ಮುಖ್ಯಸ್ಥೆಯಾಗಿ ನೇಮಿಸಲಾಯಿತು. ಯಾರೂ ತಕರಾರು ತೆಗೆಯಲಿಲ್ಲ, ಅವರು ನಿಜಕ್ಕೂ ಚೆನ್ನಾಗಿ ಕತ್ತರಿಸುತ್ತಿದ್ದರು. ಕೊನೆಯ ಪುಟಗಳು ಗೋಣಿಚೀಲ ಸೇರಿದವು, ಚೀಲ ಬೀರು ಸೇರಿತು, ಬೀರುವಿನ ಕೀ ಹೆಡ್ಮಾಸ್ಟರ ಜೇಬು ಸೇರಿತು.

ಸಿಕ್ಕಿಹಾಕಿಕೊಂಡವರು ಮೂರನೇ ಕ್ಲಾಸಿನ ಮಿಸ್ಸು. ಪಾಪ, ಅವರು ಆಡಿನ ಮರಿಯ ಕತೆಯನ್ನು ಅರ್ಧ ಓದಿಸಿದ್ದರು, ಮುಂದಿನದನ್ನು ತಾವೂ ಓದಿರಲಿಲ್ಲ. ಕ್ರಾಫ್ಟ್ ಟೀಚರ ಕತ್ತರಿ ಬಿದ್ದದ್ದು ಸರಿಯಾಗಿ ಮರಿ ಬಾವಿಗೆ ಬಿದ್ದ ಜಾಗದಲ್ಲೇ. ಆ ಕ್ಲಾಸಿನಲ್ಲಿ ಗುಬ್ಬಿ ಎಂದು ಎಲ್ಲರೂ ಕರೆಯುವ ಹುಡುಗಿಯೊಬ್ಬಳಿದ್ದಳು. ಪುಸ್ತಕ ಕಂಡರೆ ಹೊಟ್ಟೆನೋವು ಎಂದು ಮುಲುಗುತ್ತಿದ್ದವಳು, ಈ ಮರಿಯ ಹಿಂದೆ ಬಿದ್ದು ಸಾಲಿನ ಮೇಲೆ ಬೆರಳಿಟ್ಟು ತಾನೇ ಓದಲು ಶುರುಮಾಡಿದ್ದಳು. ಈಗ ದಿನಾ ಬೆಳಿಗ್ಗೆ ಬ್ಯಾಗ್ ಇಳಿಸುವ ಮೊದಲೇ, “ಮಿಸ್, ಮರಿ ಮೇಲೆ ಬಂತಾ?” ಎನ್ನುತ್ತಿದ್ದಳು. ಮಿಸ್ಸಿಗೆ ಇವಳ ಓದು ಇಲ್ಲಿಗೇ ನಿಂತುಬಿಟ್ಟರೆ ಎಂಬ ಭಯ.

ಮುಂದಿನ ಸಭೆಯಲ್ಲಿ ಮಿಸ್ಸು ಎದ್ದು ನಿಂತರು.

“ಸಾರ್, ಒಂದೇ ಒಂದು ಹಾಳೆ ಕೊಡಿ. ಮರಿ ಏನಾಯ್ತು ಅಂತ ಮಕ್ಕಳು ನನ್ನ ಪ್ರಾಣ ತಿಂತಿದಾರೆ.”

“ಏನಾಯ್ತು ಅನ್ನೋದು ಪರೀಕ್ಷೆಗೆ ಬರಲ್ವಲ್ಲಮ್ಮ,” ಎಂದರು ಹೆಡ್ಮಾಸ್ಟರು ಸಮಾಧಾನದಿಂದ. “ಬಾವಿ ಯಾವ ಆಕಾರದ್ದು ಅನ್ನೋದು ಬರುತ್ತೆ. ಅದನ್ನ ಕಲಿಸಿ.”

“ಬಾವಿ ದುಂಡಗಿದೆ ಅಂತ ಅವರಿಗೆ ಗೊತ್ತು ಸಾರ್.”

“ನೋಡಿ, ಆಗಲೇ ಪ್ರಗತಿ!”

“ಮಿಸ್ಸೇ, ನೀವು ಸುಮ್ನೆ ತಲೆ ಕೆಡಿಸ್ಕೊಂಡಿದೀರ,” ಎಂದರು ಕ್ರಾಫ್ಟ್ ಟೀಚರು. “ಒಂದನೇ ಕ್ಲಾಸಿನ ಹುಲಿ ಕತೆ ನೋಡಿ, ಹುಲಿ ಬರೋಕೆ ಮುಂಚೇನೇ ಕತ್ತರಿಸಿದೀನಿ. ಎಲ್ಲರೂ ಆರಾಮಾಗಿದಾರೆ.”

ಲೆಕ್ಕದ ಮೇಷ್ಟ್ರು ಮಾತ್ರ ಕೊಂಚ ಅಸೂಯೆಯಿಂದ, “ನಮ್ಮ ಲೆಕ್ಕಗಳಿಗೂ ಉತ್ತರ ತೆಗೆದುಬಿಟ್ರೆ ಎಷ್ಟೋ ಟೈಮ್ ಉಳಿಯುತ್ತೆ,” ಎಂದರು. ಹೆಡ್ಮಾಸ್ಟರು ಅದನ್ನು ಬರೆದುಕೊಂಡರು.

ಆದರೂ ಮಿಸ್ಸಿನ ಮನವಿಯನ್ನು ಮೇಲಕ್ಕೆ ಕಳಿಸಲಾಯಿತು. ಮೇಲಿನಿಂದ ತಿದ್ದುಪಡಿಯೇ ಬಂತು: ‘ತುಣುಕಿನ ಅಂತ್ಯದಲ್ಲಿ ಮಗುವು “ಆಮೇಲೆ?” ಎಂದು ಕೇಳತಕ್ಕದ್ದಲ್ಲ. ಸದರಿ ಸಂದರ್ಭದಲ್ಲಿ “ನೀಡಿರುವ ಮಾಹಿತಿ ಸಾಲದು” ಎಂದು ಬರೆದ ಮಗುವಿಗೆ ಪೂರ್ಣ ಅಂಕ ನೀಡತಕ್ಕದ್ದು.’

ಇದಾದ ಮೇಲೆ ಶಾಲೆಯ ಫಲಿತಾಂಶ ಸರ್ರನೆ ಮೇಲೇರಿತು. ಗುಬ್ಬಿಯಂತೂ ಕ್ಲಾಸಿಗೇ ಫಸ್ಟ್ ಬಂದಳು. ಮನೆಯಲ್ಲಿ ಅಮ್ಮ, “ಊಟಕ್ಕೆ ಬರ್ತೀಯೇನೇ?” ಎಂದರೂ “ಮಾಹಿತಿ ಸಾಲದು” ಎನ್ನುತ್ತಿದ್ದಳಂತೆ. ಅಮ್ಮ ಪಕ್ಕದ ಮನೆಯವರನ್ನು ಕರೆದು ತೋರಿಸಿ ಹೆಮ್ಮೆಪಟ್ಟರಂತೆ. ಬೆಳಿಗ್ಗೆ ಮರಿಯ ವಿಷಯ ಕೇಳುವುದನ್ನು ಮಾತ್ರ ಅವಳು ನಿಲ್ಲಿಸಿದ್ದಳು.

ಮಿಸ್ಸಿಗೆ ಆ ಮೌನವನ್ನೇ ಸಹಿಸಲಾಗಲಿಲ್ಲ. ಒಂದು ದಿನ ಬೀರು ತೆರೆದೇ ಇತ್ತು. ಹೆಡ್ಮಾಸ್ಟರು ಫೋನಿನಲ್ಲಿ ಮೇಲಿನವರಿಗೆ ಹೂಂ ಹೂಂ ಎನ್ನುತ್ತ ಗೋಡೆಗೆ ಮುಖ ಮಾಡಿದ್ದರು. ಮಿಸ್ಸು ಚೀಲಕ್ಕೆ ಕೈಹಾಕಿ ತಡಕಾಡಿ, ಆಡಿನ ಚಿತ್ರವಿದ್ದ ಹಾಳೆ ಎಳೆದುಕೊಂಡು ಕ್ಲಾಸಿಗೆ ಬಂದು ಬಾಗಿಲು ಹಾಕಿದರು.

“ಕೇಳ್ರೋ, ಕೊನೆ ಪುಟ ಸಿಕ್ತು! ‘ಎಲ್ಲರೂ ಸೇರಿ ಹಗ್ಗಕ್ಕೆ ಬುಟ್ಟಿ ಕಟ್ಟಿ ಬಾವಿಗೆ ಇಳಿಸಿದರು. ಮರಿ ಮೆಲ್ಲಗೆ...’”

ಮೊದಲು ಗುಬ್ಬಿ ಕಿವಿ ಮುಚ್ಚಿಕೊಂಡಳು. ಆಮೇಲೆ ಅವಳ ಬೆಂಚು, ಆಮೇಲೆ ಇಡೀ ಕ್ಲಾಸು.

“ಬೇಡ ಮಿಸ್!” ಎಂದು ಕೂಗಿದಳು ಗುಬ್ಬಿ. “ತುಣುಕಲ್ಲಿ ಇಲ್ಲದ್ದು ತಲೇಲಿ ಉಳ್ಕೊಂಡ್ರೆ ಉತ್ತರ ತಪ್ಪಾಗುತ್ತೆ!”

ಗಲಾಟೆ ಕೇಳಿ ಹೆಡ್ಮಾಸ್ಟರು ಕಿಟಕಿಯಲ್ಲಿ ಇಣುಕಿದರು. ಕಿವಿ ಮುಚ್ಚಿ ಕೂತ ಮಕ್ಕಳನ್ನು ಕಂಡು ಅವರ ಕಣ್ಣು ಒದ್ದೆಯಾಯಿತು. ಇಂಥ ಶಿಸ್ತನ್ನು ಅವರು ಇಷ್ಟು ವರ್ಷದ ಸರ್ವಿಸಿನಲ್ಲಿ ಕಂಡಿರಲಿಲ್ಲ. ಮರುದಿನದಿಂದ ಪ್ರತಿ ಓದಿನ ಅವಧಿಯ ಕೊನೆಗೆ ಕಿವಿ ಮುಚ್ಚುವುದನ್ನು ಎಲ್ಲ ತರಗತಿಗಳಿಗೂ ಕಡ್ಡಾಯಗೊಳಿಸಿ, ಮಿಸ್ಸಿಗೆ ಪ್ರಶಂಸಾಪತ್ರ ಘೋಷಿಸಿದರು.

ಅವರು ಹೋದ ಮೇಲೆ ಮಿಸ್ಸು ಕುರ್ಚಿಯಲ್ಲಿ ಕುಸಿದು ಕೂತರು. ಗುಬ್ಬಿ ಮೆಲ್ಲಗೆ ಹತ್ತಿರ ಬಂದು ಅವರ ಕೈ ಸವರಿದಳು.

“ಅಳಬೇಡಿ ಮಿಸ್. ಮರಿ ಬಾವೀಲೇ ಇರ್ಲಿ ಬಿಡಿ. ಇಷ್ಟೊತ್ತಿಗೆ ಅದಕ್ಕೂ ಅಭ್ಯಾಸ ಆಗಿರುತ್ತೆ.”

ಮಿಸ್ಸು ಕಣ್ಣೊರೆಸಿಕೊಂಡು ಪೂರ್ಣ ಅಂಕ ಕೊಟ್ಟರು.