ಎಲ್ಲಿಗೆ ಎಂದು ಕೇಳಬೇಡಿ

ನಮ್ಮ ಯಜಮಾನರನ್ನು ನೀವು ಏನು ಬೇಕಾದರೂ ಕೇಳಿ. ತಲೆಗೂದಲು ಯಾವಾಗ ಉದುರಿತು ಎಂದು ಕೇಳಿ, ನನಗಿಂತ ಮುಂಚೆ ಎಷ್ಟು ಹೆಣ್ಣು ನೋಡಿ ಬಂದಿದ್ದರು ಎಂದು ಕೂಡ ಕೇಳಿ, ನಗುನಗುತ್ತಾ ಹೇಳುತ್ತಾರೆ. ಆದರೆ ಅವರು ಹೊಸ್ತಿಲು ದಾಟುವಾಗ "ಎಲ್ಲಿಗೆ?" ಎಂದು ಮಾತ್ರ ಕೇಳಬೇಡಿ. ಕೇಳಿದಿರೋ, ಕೆಟ್ಟಿತು! ಮನುಷ್ಯ ಅಲ್ಲೇ ಹಿಂದೆ ತಿರುಗುತ್ತಾರೆ, ಶೂ ಬಿಚ್ಚುತ್ತಾರೆ, ಒಳಗೆ ಬಂದು ಕೂರುತ್ತಾರೆ, ಒಂದು ಲೋಟ ನೀರು ಕುಡಿದು ಹೊಸದಾಗಿ ಹೊರಡುತ್ತಾರೆ.

ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಹೋದ ಕೆಲಸ ಕೆಡುತ್ತದೆ ಎಂದು ನಿಮ್ಮ ಮನೆಯಲ್ಲೂ ಹೇಳಿರುತ್ತಾರೆ. ನಮ್ಮಜ್ಜಿ ಕೂಡ "ದೂರ ಹೊರಟ್ರಾ?" ಎಂದು ಸುತ್ತಿ ಬಳಸಿ ವಿಷಯ ಹೊರಡಿಸುತ್ತಿದ್ದರು. ನಾವೆಲ್ಲ ಇಂಥದ್ದನ್ನು ವಿಮಾನ ಹತ್ತುವ ಮುಂಚೆ ಬಿಟ್ಟು ಬಂದೆವು. ಇವರು ಉಪ್ಪಿನಕಾಯಿ ಜೊತೆ ಇದನ್ನೂ ಕಸ್ಟಮ್ಸ್ ದಾಟಿಸಿಕೊಂಡು ಬಂದರು! ಬಂದದ್ದಾದರೂ ಯಾವ ದೇಶಕ್ಕೆ? ಗುರುತು ಪರಿಚಯ ಇಲ್ಲದವರೂ "ವೇರ್ ಯು ಹೆಡೆಡ್?" ಎಂದು ಕೇಳುವುದೇ ಸೌಜನ್ಯ ಎಂದುಕೊಂಡಿರುವ ದೇಶಕ್ಕೆ.

ಇವರು ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಆಫೀಸೊಂದರಲ್ಲಿ ಎಂಜಿನಿಯರ್. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಕಾರ್ಯಕಾರಣ ಸಂಬಂಧ ಎಂದರೇನು ಎಂದು ಇವರಿಗೆ ಮದುವೆಯಾದಂದಿನಿಂದ ಪಾಠ ಹೇಳಿ ಸೋತಿದ್ದೇನೆ.

ಕೆಲವು ವರ್ಷದ ಹಿಂದೆ, ಒಂದು ಮೇ ತಿಂಗಳಲ್ಲಿ ನಮ್ಮ ಮದುವೆಗೆ ಹತ್ತು ವರ್ಷ ತುಂಬುತ್ತಿತ್ತು. ಎರಡು ದಿನ ಎಲ್ಲಿಗಾದರೂ ಹೋಗಿಬರೋಣ ಎಂದೆ. ಆಸ್ಟಿನ್‌ನಲ್ಲಿ ನನ್ನ ಗೆಳತಿ ಇದ್ದಾಳೆ, "ನಿಮ್ಮನೆ ಮುಂದಿನ ರಸ್ತೆ ಹಿಡಿದು ಕೆಳಗೆ ಬಂದರೆ ನಾವೇ ಕಣೇ, ಬಾ" ಎಂದು ಕರೆದಳು.

"ಮದುವೆ ದಿನ ಯಾರಾದರೂ ದಕ್ಷಿಣಕ್ಕೆ ಹೋಗ್ತಾರೇನೇ? ಯಮನ ದಿಕ್ಕು!"

"ಸರಿ, ಹೂಸ್ಟನ್?"

"ಅದು ಆಗ್ನೇಯ. ಬೆಂಕಿ."

"ಮತ್ತೆ ಎಲ್ಲಿ ಸಾಯೋಣ ಹೇಳಿ!"

"ಬಿಡ್ತು ಅನ್ನು," ಎಂದು ನಕ್ಷೆ ಹರಡಿದರು. "ಅದೇ ರಸ್ತೆ ಉತ್ತರಕ್ಕೆ ನೋಡು. ಉತ್ತರ ಅಂದರೆ ಕುಬೇರ." ಲೂಯಿಸ್‌ವಿಲ್‌ನ ನಮ್ಮ ಅಪಾರ್ಟ್‌ಮೆಂಟಿನಿಂದ ಹೊರಟ ಅವರ ಬೆರಳು ಓಕ್ಲಹೋಮ ದಾಟಿ ಕ್ಯಾನ್ಸಸ್‌ನ ವಿಚಿಟಾ ಎಂಬ ಊರಿನ ಮೇಲೆ ನಿಂತಿತು. ನಮ್ಮ ಪರಿಚಯದವರು ಹತ್ತನೇ ವರ್ಷಕ್ಕೆ ಹವಾಯಿಗೆ ಹೋಗಿದ್ದರು. ನನ್ನ ಹಣೆಯಲ್ಲಿ ವಿಚಿಟಾ!

ಹೊರಟ ಬೆಳಿಗ್ಗೆ ಕೆಳಗಿನ ಮನೆಯವನು ಕಾಫಿ ಲೋಟ ಎತ್ತಿ ಕೇಳಿಯೇಬಿಟ್ಟ. ವಾಪಸ್ಸು, ಶೂ, ಕುರ್ಚಿ, ನೀರು. ಓಕ್ಲಹೋಮದ ಒಂದು ಗ್ಯಾಸ್ ಸ್ಟೇಷನ್ನಿನಲ್ಲಿ ಕೌಂಟರಿನ ಅಜ್ಜಿ "ಎಲ್ಲಿಗೆ ಹೊರಟೆ ಹನಿ?" ಅಂದಳು. ಬಾಗಿಲು ದಾಟಿದ್ದ ಇವರು ಹಿಂದಕ್ಕೆ ಬಂದು ಐಸ್ ಪೆಟ್ಟಿಗೆಯ ಮೇಲೆ ಕೂತು, ಕ್ಷೀಣ ದನಿಯಲ್ಲಿ "ವಾಟರ್ ಪ್ಲೀಸ್" ಎಂದರು. ಪಾಪ, ಅಜ್ಜಿ ಹಾರ್ಟ್ ಅಟ್ಯಾಕ್ ಎಂದುಕೊಂಡು ಒಂದು ಕೈಯಲ್ಲಿ ನೀರು, ಇನ್ನೊಂದರಲ್ಲಿ ಆಸ್ಪಿರಿನ್ ಹಿಡಿದು ಓಡಿ ಬಂದಳು. ನಾನು ತಲೆ ತಗ್ಗಿಸಿ ವಿಷಯ ವಿವರಿಸಿದೆ.

"ನಿಮ್ಮ ದೇವರು ವಾಸಿ," ಎಂದಳು ಅಜ್ಜಿ. "ನೀರಾದರೂ ಕುಡಿಸ್ತಾನೆ. ನಮ್ಮ ಪಾದ್ರಿ ಬರೀ ಬೈತಾನೆ."

ವಿಚಿಟಾ ಕೆಟ್ಟ ಊರೇನಲ್ಲ. ಅಗಲವಾದ ರಸ್ತೆ, ಕೆಂಪು ಇಟ್ಟಿಗೆಯ ಹಳೆಯ ಗೋದಾಮುಗಳಲ್ಲಿ ಹೋಟೆಲುಗಳು, ತಲೆಯ ಮೇಲೆ ಸಣ್ಣ ಸಣ್ಣ ವಿಮಾನ. ಅಲ್ಲಿ ಎರಡು ನದಿ ಕೂಡುತ್ತವೆ. ಇವರಿಗೆ ಅಷ್ಟೇ ಸಾಕಾಯಿತು. "ಸಂಗಮ ಕಣೇ!" ಎಂದು ಪ್ಯಾಂಟು ಮಡಿಚಿಕೊಂಡು ಇಳಿದೇ ಇಳಿದರು. ನನಗೂ ಇಷ್ಟು ನೀರು ಪ್ರೋಕ್ಷಿಸಿದರು. ಓಡುತ್ತಿದ್ದ ಹುಡುಗಿಯೊಬ್ಬಳು ನಿಂತು ಏನಾದರೂ ತೊಂದರೆಯೇ ಎಂದು ವಿಚಾರಿಸಿದಳು. ಹತ್ತು ವರ್ಷದಲ್ಲಿ ನಾಲ್ಕು ಜನರ ಎದುರು ಅವರು ನನ್ನ ಕೈ ಹಿಡಿದದ್ದು ಅಲ್ಲೇ ಮೊದಲು. ಕಲ್ಲು ಜಾರುತ್ತಿತ್ತು ಅನ್ನಿ.

ವಾಪಸ್ಸು ಹೊರಡುವ ದಿನ ಹೋಟೆಲಿನ ಕೌಂಟರಿನಲ್ಲಿದ್ದವನೂ ಅದನ್ನೇ ಕೇಳಿದ. ಬ್ಯಾಗು ಕಾರಿಗೆ ಹಾಕಿ ಆಗಿತ್ತು. ಲಾಬಿಯ ಟೀವಿಯ ಹವಾಮಾನ ನಕ್ಷೆಯಲ್ಲಿ ನಾವು ಹೋಗಬೇಕಾದ ದಾರಿಯ ಮೇಲೆಲ್ಲ ಕೆಂಪು ಬಣ್ಣ ಹರಿದಾಡುತ್ತಿತ್ತು.

"ರೀ, ಮಳೆಗೆ ಮುಂಚೆ ಓಕ್ಲಹೋಮ ದಾಟಿಬಿಡೋಣ, ಏಳಿ."

"ಬಂದೆ. ನೀರು ತಣ್ಣಗಿದೆ, ನಿಧಾನ ಕುಡೀಬೇಕು."

ಆ ಒಂದು ಲೋಟ ನೀರನ್ನು ನಾನು ಇವತ್ತಿಗೂ ಮನಸ್ಸಿನಲ್ಲೇ ಅವರ ಕೈಯಿಂದ ಕಿತ್ತುಕೊಳ್ಳುತ್ತಿರುತ್ತೇನೆ. ಆಗ ಹೊರಟಿದ್ದರೆ ಮುಂದೆ ಹೋಗಿಬಿಡುತ್ತಿದ್ದೆವೇ? ಅಥವಾ ಬಯಲು ರಸ್ತೆಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದ್ದೆವೇ? ನನ್ನ ಎಂ.ಎಸ್ಸಿಯಲ್ಲಿ ಇದಕ್ಕೆ ಉತ್ತರ ಇಲ್ಲ.

ಓಕ್ಲಹೋಮ ಸೇರಿ ಸ್ವಲ್ಪ ದೂರ ಬರುವಷ್ಟರಲ್ಲಿ ಮಧ್ಯಾಹ್ನವೇ ಕತ್ತಲಾಯಿತು. ಆಕಾಶ ಹುಣಸೇಹಣ್ಣು ಕಾಣದ ತಾಮ್ರದ ತಂಬಿಗೆಯ ಹಾಗೆ ಕಿಲುಬುಗಟ್ಟಿತ್ತು. ಹಸಿರು ಆಕಾಶ ನೋಡಿದ್ದೀರಾ? ನೋಡಬೇಡಿ. ರೇಡಿಯೋದವನು ಸುಂಟರಗಾಳಿ ಇಂಥ ಕೌಂಟಿಯಲ್ಲಿದೆ, ಇಂಥ ಕೌಂಟಿಗೆ ಬರುತ್ತಿದೆ, ಭದ್ರವಾದ ಜಾಗ ಸೇರಿಕೊಳ್ಳಿ ಎಂದು ಒದರುತ್ತಿದ್ದ. ನಾವು ಯಾವ ಕೌಂಟಿಯಲ್ಲಿದ್ದೇವೆ? ಯಾರಿಗೆ ಗೊತ್ತು! ಈ ದೇಶಕ್ಕೆ ಬಂದು ನಾವು ಕಲಿತದ್ದು ಹೆದ್ದಾರಿಯಿಂದ ಇಳಿಯುವ ಎಕ್ಸಿಟ್ ನಂಬರು ಮಾತ್ರ. ಗಾಜಿನ ಮೇಲೆ ನಿಂಬೆಹಣ್ಣಿನ ಗಾತ್ರದ ಆಲಿಕಲ್ಲು ಬೀಳತೊಡಗಿದಾಗ ಕಂಡ ಎಕ್ಸಿಟ್ಟಿನಲ್ಲಿ ಇಳಿದೆವು. ಒಂದು ಗ್ಯಾಸ್ ಸ್ಟೇಷನ್ ಇತ್ತು. ಪಂಪುಗಳ ಮಾಡಿನ ಅಡಿಯಲ್ಲಿ ಕಾರು ನಿಲ್ಲಿಸಿ ಅಂಗಡಿಯೊಳಕ್ಕೆ ಓಡಿದೆವು.

ಕೌಂಟರಿನ ಹುಡುಗಿ ಎಲ್ಲರನ್ನೂ ಹಿಂದಿನ ಕೋಲ್ಡ್ ರೂಮಿಗೆ ತಳ್ಳುತ್ತಿದ್ದಳು. ಹಾಲು, ಬಿಯರು ಇಡುವ ದಪ್ಪ ಗೋಡೆಯ ಕೋಣೆ, ಆ ಕಟ್ಟಡದಲ್ಲಿ ಗಟ್ಟಿಯಾಗಿದ್ದದ್ದು ಅದೊಂದೇ. ಒಳಗೆ ಅವಳು, ನಾವಿಬ್ಬರು, ಕೆಂಪು ಟೋಪಿಯ ಒಬ್ಬ ಟ್ರಕ್ ಡ್ರೈವರ್. ಚಳಿಗೋ ಭಯಕ್ಕೋ ಎಲ್ಲರ ಹಲ್ಲೂ ಕಟಕಟ. ಡ್ರೈವರ್ ಇವರ ಕಡೆ ತಿರುಗಿದ.

"ಎಲ್ಲಿಗೆ ಹೊರಟಿದ್ದಿರಿ ನೀವು?"

ದೇವರೇ! ಆದರೆ ಇವರು ಶಾಂತವಾಗಿ, "ಈಗ ಕೇಳಬಹುದು ಸರ್, ನಾನು ಕೂತಿದ್ದೀನಿ. ಹೊರಡುವಾಗ ಕೇಳಬಾರದು, ಅಷ್ಟೇ," ಎಂದು ಇಡೀ ಶಾಸ್ತ್ರ ವಿವರಿಸಿದರು. ಸುಂಟರಗಾಳಿ ತಲೆಯ ಮೇಲೆ ಬಂದು ನಿಂತಿದೆ, ಇಲ್ಲಿ ಉಪನ್ಯಾಸ!

ಡ್ರೈವರ್ ಗಟ್ಟಿಯಾಗಿ ನಕ್ಕ. "ನನ್ನ ಹೆಂಡತಿ ಎಲ್ಲಿಗೆ ಅಂತ ಒಂದು ದಿನ ಕೇಳಿದವಳಲ್ಲ. ಯಾವಾಗ ತೊಲಗ್ತೀಯ ಅಂತ ಕೇಳ್ತಿದ್ದಳು. ಈಗ ಅವಳೂ ಇಲ್ಲ ಬಿಡಿ." ನಕ್ಕವನು ತಟ್ಟನೆ ನಿಲ್ಲಿಸಿ, "ನನ್ನ ನಾಯಿ ಟ್ರಕ್ಕಿನಲ್ಲೇ ಇದೆ," ಎಂದು ಎದ್ದು, ಬಾಗಿಲು ತೆರೆದು ಹೋದ.

ತೆರೆದ ಬಾಗಿಲಿನಿಂದ, ಅಂಗಡಿಯ ಗಾಜಿನಾಚೆ ನಮ್ಮ ಕಾರು ಕಂಡಿತು. ಎರಡು ದೀಪವೂ ಧಗಧಗ ಉರಿಯುತ್ತಿದ್ದವು.

"ಅಯ್ಯೋ, ಹೆಡ್‌ಲೈಟು! ಬ್ಯಾಟರಿ ಡೌನ್ ಆಗುತ್ತೆ. ಆರಿಸಿ ಬರ್ತೀನಿ."

ನಾನು ತೋಳು ಹಿಡಿಯುವಷ್ಟರಲ್ಲಿ ಅವರ ಒಂದು ಕಾಲು ಹೊರಗಿತ್ತು. ಬೇಡ ಎನ್ನಬಹುದಿತ್ತು, ನಿಲ್ಲಿ ಎನ್ನಬಹುದಿತ್ತು. ಹತ್ತು ವರ್ಷದಲ್ಲಿ ನನ್ನ 'ಬೇಡ' ಯಾವತ್ತು ಅವರ ಕಿವಿಗೆ ಬಿದ್ದಿದೆ ಹೇಳಿ? ಹೊಟ್ಟೆಯ ಆಳದಿಂದ ನನಗೇ ಗೊತ್ತಿಲ್ಲದೆ ಕಿರುಚಿದೆ.

"ಎಲ್ಲಿಗೇ?"

ಅವರು ನಿಂತರು. ಮುಖ ಸಿಂಡರಿಸಿಕೊಂಡು ಹಿಂದೆ ತಿರುಗಿದರು. "ಥೂ, ಹೊರಡೋವಾಗ ಕೇಳ್ತೀಯಲ್ಲೇ, ಅಷ್ಟೂ ಗೊತ್ತಾಗಲ್ವಾ?" ಎಂದು ಬೈಯುತ್ತಾ ಒಳಗೆ ಬಂದು, ಹಾಲಿನ ಕ್ರೇಟಿನ ಮೇಲೆ ಕೂತು, ಕೈ ಚಾಚಿದರು. ನಾನು ಕೈಗೆ ಸಿಕ್ಕ ನೀರಿನ ಬಾಟಲಿ ಕೊಟ್ಟೆ. ಹುಡುಗಿ ಬಾಗಿಲು ಎಳೆದು ಹಿಡಿಕೆಗೆ ಜೋತುಬಿದ್ದಳು.

ರೈಲು ಬಂದ ಹಾಗೆ ಸದ್ದು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಏನೂ ಕೇಳಿಸಲಿಲ್ಲ. ಕಿವಿಯೊಳಗೆ ಸಲಾಕೆ ಇಟ್ಟಂತೆ ನೋವು, ಅಷ್ಟೇ. ಕಂಡದ್ದು ಅವರ ಗಂಟಲು. ಒಂದು ಗುಟುಕು ನೀರು ಅದರಲ್ಲಿ ಇಳಿದುಹೋದದ್ದು. ಆಮೇಲೆ ದೀಪ ಹೋಯಿತು.

ಹೊರಗೆ ಬಂದಾಗ ಅಂಗಡಿಗೆ ಮುಂದಿನ ಗೋಡೆ ಇರಲಿಲ್ಲ. ಪಂಪುಗಳ ಮೇಲಿನ ಮಾಡು ಅಂಗಡಿಯ ಬಾಗಿಲಿನಿಂದ ನಮ್ಮ ಕಾರಿನವರೆಗೆ ಅಡ್ಡಡ್ಡ ಮಲಗಿತ್ತು, ಸರಿಯಾಗಿ ಅವರು ನಡೆದುಹೋಗಬೇಕಿದ್ದ ದಾರಿಯ ಮೇಲೆ. ಅದರಡಿಯಿಂದ ನಮ್ಮ ಕಾರಿನ ಒಂದು ಹೆಡ್‌ಲೈಟು ಇನ್ನೂ ಉರಿಯುತ್ತಿತ್ತು.

"ನೋಡು, ಬ್ಯಾಟರಿ ಗಟ್ಟಿಯಾಗಿದೆ," ಎಂದರು. ಎಂದವರು ಗಾಜಿನ ಚೂರುಗಳ ಮೇಲೇ ಕುಕ್ಕರಿಸಿದರು.

ಕೆಂಪು ಟೋಪಿಯವನನ್ನು ಆಂಬುಲೆನ್ಸಿನಲ್ಲಿ ಒಯ್ದರು. ಟೋಪಿ ಎದೆಯ ಮೇಲಿತ್ತು, ಕಣ್ಣು ಮುಚ್ಚಿತ್ತು. ನಾಯಿಗೆ ಏನೂ ಆಗಿರಲಿಲ್ಲ. ಅದು ಒದ್ದೆಯಾಗಿ ರಸ್ತೆಯ ಮಧ್ಯೆ ನಿಂತು, ಆಂಬುಲೆನ್ಸ್ ಹೋದ ದಿಕ್ಕಿಗೆ ಬೊಗಳುತ್ತಿತ್ತು. ಆ ಹುಡುಗಿ ಅದನ್ನು ಎತ್ತಿಕೊಂಡಳು. ಅವನು ಉಳಿದನೋ ಇಲ್ಲವೋ ನಮಗೆ ಗೊತ್ತಿಲ್ಲ, ಹೆಸರೂ ಕೇಳಿರಲಿಲ್ಲ. ಅವನು ಎದ್ದು ಹೋಗುವಾಗ ನಾವು ಮೂವರಿದ್ದೆವು. ಎಲ್ಲಿಗೆ ಎಂದು ಒಬ್ಬರೂ ಕೇಳಲಿಲ್ಲ.

ಇದೆಲ್ಲ ಆಗಿ ಕೆಲವು ವರ್ಷಗಳಾದವು. ತಿಂಗಳಿಗೊಮ್ಮೆ ನಮ್ಮೂರಿನಲ್ಲಿ ಸುಂಟರಗಾಳಿಯ ಎಚ್ಚರಿಕೆ ಕೊಡುವ ಸೈರನ್ನುಗಳು ಸರಿಯಾಗಿವೆಯೇ ಎಂದು ಕೂಗಿಸಿ ನೋಡುತ್ತಾರೆ, ಬಟ್ಟಬಿಸಿಲಿನ ಮಧ್ಯಾಹ್ನ. ಪರೀಕ್ಷೆ ಎಂದು ಗೊತ್ತು. ಆದರೂ ನಾನು ಸ್ನಾನದ ಮನೆಯ ತೊಟ್ಟಿಯೊಳಗೆ ಕೂತಿರುತ್ತೇನೆ, ಗಾಳಿ ಬಂದರೆ ಮನೆಯಲ್ಲಿ ಅದೇ ಭದ್ರವಾದ ಜಾಗವಂತೆ. ಮೋಡ ಕವಿದ ದಿನವಂತೂ ಅನ್ನ ಇಳಿಯುವುದಿಲ್ಲ. ಒಂದು ಮಾತಿಗೆ ಗಾಳಿ ತಡೆಯುವ ಶಕ್ತಿ ಇಲ್ಲ ಎಂದು ನನಗೆ ಗೊತ್ತಿಲ್ಲವೇ? ಆದರೂ ಅಂಥ ಬೆಳಿಗ್ಗೆ ಇವರು ಆಫೀಸಿಗೆ ಹೊರಟು ಬಾಗಿಲು ದಾಟುತ್ತಿದ್ದಂತೆ ನಾನೇ, ಈ ವಿದ್ಯಾವಂತೆಯೇ, ಹಿಂದಿನಿಂದ ಕೇಳುತ್ತೇನೆ: "ಎಲ್ಲಿಗೆ?"

ಬೈಯುತ್ತಾರೆ. ಶೂ ಬಿಚ್ಚುತ್ತಾರೆ. ಬಂದು ಕೂತು ನೀರು ಕುಡಿಯುತ್ತಾರೆ. ಅಷ್ಟು ಹೊತ್ತು ಅವರು ನನ್ನ ಕಣ್ಣೆದುರು ಇರುತ್ತಾರೆ.

ಮೊನ್ನೆ ಒಳ್ಳೆಯ ಬಿಸಿಲಿತ್ತು. ಆಕಾಶದಲ್ಲಿ ಹತ್ತಿಯಷ್ಟೂ ಮೋಡ ಇರಲಿಲ್ಲ. ಧೈರ್ಯ ಮಾಡಿ ಸುಮ್ಮನಿದ್ದೆ. ಇವರು ಶೂ ಹಾಕಿಕೊಂಡರು. ಬಾಗಿಲು ತೆರೆದು ಹೊರಗೆ ನಿಂತರು. ಕಾರಿನ ಕೀಲಿ ಈ ಜೇಬಿನಿಂದ ಆ ಜೇಬಿಗೆ ಹಾಕಿದರು. ಕಟ್ಟಿದ್ದ ಲೇಸನ್ನೇ ಬಗ್ಗಿ ಮತ್ತೆ ಕಟ್ಟಿದರು.

"ಯಾಕ್ರೀ ನಿಂತ್ರಿ? ಹೊತ್ತಾಗಲಿಲ್ವಾ?"

"ಏನಿಲ್ಲ," ಎಂದರು, ನನ್ನ ಕಡೆ ನೋಡದೆ. "ಇವತ್ತು ಕೇಳಲ್ವಾ?"

ನಾನು ಅಡುಗೆಮನೆಗೆ ಹೋಗಿ ಲೋಟಕ್ಕೆ ನೀರು ತುಂಬಿಸಿಕೊಂಡು ಬಂದು, ಆಮೇಲೆ ಕೇಳಿದೆ.