ಮಾಡಿ, ಮಾಡಿ!

ಎಲ್ಲಕ್ಕೂ ಕಾರಣ ಚೆನ್ನಿಯಪ್ಪನ್‌ನ ದವಡೆ ಹಲ್ಲು.

ಪೊಳ್ಳಾಚಿ ರಸ್ತೆಯ ಆ ನೇಕಾರರ ಊರಿನಲ್ಲಿ ಇಷ್ಟು ದಿನ ಜನ ಬೇವಿನ ಮರದಡಿ ಬಸ್ಸಿಗೆ ಕಾಯುತ್ತಿದ್ದರು. ಈಗ ಅಲ್ಲಿ ಕಲ್ಲುಕಂಬ, ಕಮಾನು, ತಾರಸಿ ಇರುವ ಬಸ್ ನಿಲ್ದಾಣ ಎದ್ದಿತ್ತು. ಸುತ್ತಲಿನ ಯಾವ ಊರಿಗೂ ಇಲ್ಲದ್ದು! ಮಗ್ಗ ಬಿಟ್ಟು ಮೇಲ್ವಿಚಾರಣೆಗೆ ನಿಂತವನು ಚೆನ್ನಿಯಪ್ಪನ್. ಜಿಲ್ಲಾ ಬೋರ್ಡ್ ಅಧ್ಯಕ್ಷರು ಮೆಚ್ಚಿದರೆ ಗೋಡೆಯ ಕಲ್ಲಿನಲ್ಲಿ ಅವನ ಹೆಸರು ಕೆತ್ತುವುದೆಂದು ಮಾತಾಗಿತ್ತು. ಕಲ್ಲು ನುಣ್ಣಗೆ, ಖಾಲಿಯಾಗಿ ಕಾಯುತ್ತಿತ್ತು.

ಹಲ್ಲುನೋವಿನಿಂದ ವಾರವಿಡೀ ಮನೆಯಲ್ಲೇ ಮಲಗಿದ್ದವನು ಉದ್ಘಾಟನೆಯ ಬೆಳಿಗ್ಗೆ, ಕೆನ್ನೆಯ ಊತ ಇಳಿದ ಮೇಲೆ ಹೋಗಿ ನೋಡಿದರೆ, ಗೋಡೆಗೆ ಅಂಟಿಕೊಂಡು ಭಾರಿ ಮೆಟ್ಟಿಲು! ತಾರಸಿಯವರೆಗೆ ಏರಿ, ಮುಂದಿನ ಮಾತು ಮರೆತ ಭಾಷಣಕಾರನಂತೆ ಅಲ್ಲೇ ನಿಂತಿತ್ತು.

"ಇದೇನು ಮೇಸ್ತ್ರಿ?"

"ನೀವೇ ಹೇಳಿದ್ರಲ್ಲ ಅಯ್ಯಾ," ಎಂದ ಮುದುಕ ತಿರುಮಲೈಸಾಮಿ, ತಮಿಳಿನಲ್ಲಿ. "ಮಿಕ್ಕ ಇಟ್ಟಿಗೆಗೆ ಏನು ದಾರಿ ಅಂತ ನಿಮ್ಮ ಬಾಗಿಲಲ್ಲಿ ನಿಂತು ಕೇಳ್ದೆ. ಒಳಗಿಂದ 'ಮಾಡಿ, ಮಾಡಿ' ಅಂದ್ರಿ. ಮಾಡಿಗೆ ಇಟ್ಟಿಗೆ ಸಾಲ್ಲಿಲ್ಲ. ಮೆಟ್ಟಿಲಿಗೆ ಸರಿಹೋಯ್ತು."

ಚೆನ್ನಿಯಪ್ಪನ್ ಕೆನ್ನೆ ಹಿಡಿದುಕೊಂಡ. ಬೀದಿಯಲ್ಲಿ ಅವನದು ಸೊಗಸಾದ ತಮಿಳು. ಆದರೆ ನೋವು ಬಂದಾಗ ಬಾಯಿಗೆ ಬರುವುದು ಮನೆಮಾತು ಕನ್ನಡವೇ. ಆ ದಿನ ಲವಂಗ ಕಚ್ಚಿಕೊಂಡು, ಮನೆಯವರಿಗೆ 'ಏನಾದರೂ ಮಾಡಿ, ಮಾಡಿ' ಎಂದು ನರಳಿದ್ದ. ತಮಿಳಿನಲ್ಲಿ ಮಾಡಿ ಎಂದರೆ ಮಹಡಿ!

"ಏನ್ ಮಾವ, ಇನ್ಮೇಲೆ ಬಸ್ಸು ಮೋಡದಿಂದ ಇಳಿಯುತ್ತಾ?" ಎಂದ ಪಕ್ಕದ ಮನೆಯ ಸುಬ್ಬಯ್ಯನ್.

"ಬುಡಿ, ಮೆಣಸಿನಕಾಯಿ ಒಣಗಿಸಕ್ಕೆ ಆಗುತ್ತೆ," ಎಂದಳು ಹೆಂಡತಿ ಕಮಲಾತಾಳ್.

ಒಡೆಯಲು ಹೊತ್ತಿರಲಿಲ್ಲ. ಚೆನ್ನಿಯಪ್ಪನ್ ಊರ ಮಗ್ಗದ ಸೀರೆಗಳನ್ನೆಲ್ಲ ತರಿಸಿ, ಅಲಂಕಾರವೆಂಬಂತೆ ಇಳಿಬಿಟ್ಟು, ಮೆಟ್ಟಿಲನ್ನು ಮದುಮಗಳಂತೆ ಮರೆಮಾಡಿದ.

ಅಧ್ಯಕ್ಷರ ಕಾರು ಬಂತು. ಅವರು ಕಂಬ ನೋಡಿದರು, ಕಮಾನು ನೋಡಿದರು, ತಲೆಯೆತ್ತಿದರು. ತಾರಸಿಯ ಅಂಚಿನಲ್ಲಿ ಸುಬ್ಬಯ್ಯನ್‌ನ ಮೇಕೆ ನಿಂತು ಅವರನ್ನೇ ನೋಡುತ್ತಿತ್ತು.

"ಅದು ಮೇಲಕ್ಕೆ ಹೇಗೆ ಹೋಯ್ತು?"

ಚೆನ್ನಿಯಪ್ಪನ್ ಸೀರೆ ಸರಿಸಿದ. "ನಾನಲ್ಲ ಸಾಮಿ! ಎಲ್ಲಾ ಮೇಸ್ತ್ರಿ ಕೆಲಸ!"

ಅಧ್ಯಕ್ಷರು ಮೆಟ್ಟಿಲೇರಿದರು. ಮೇಲಿಂದ ದನಿ ಬಂತು: "ಆಹಾ! ಪೊಳ್ಳಾಚಿ ಬಸ್ಸಿನ ದೂಳು ಇಲ್ಲಿಂದ್ಲೇ ಕಾಣುತ್ತೆ! ಜಿಲ್ಲೆಯಲ್ಲಿ ಇಂಥದ್ದು ಇನ್ನೊಂದಿಲ್ಲ!" ಇಳಿದು ಬಂದವರೇ ತಮ್ಮ ಕೊರಳ ಹಾರವನ್ನು ಮೇಸ್ತ್ರಿಗೆ ಹಾಕಿ, ಕಲ್ಲಿನ ಮೇಲೆ ಅವನ ಹೆಸರು ಕೆತ್ತಿಸಿ ಎಂದರು.

ಊರೆಲ್ಲ ಎದೆಯುಬ್ಬಿಸಿ ಚಪ್ಪಾಳೆ ತಟ್ಟಿತು. ಚೆನ್ನಿಯಪ್ಪನ್‌ನ ಎದೆ ಮಾತ್ರ ಗಾಳಿ ಹೋದ ಟೈರಾಯಿತು.

ತಿರುಮಲೈಸಾಮಿ ಪ್ರಾಮಾಣಿಕ. ಹಾರ ತೆಗೆದು ಚೆನ್ನಿಯಪ್ಪನ್ ಕೊರಳಿಗೆ ಹಾಕಿದ. "ನನ್ನದೇನೂ ಇಲ್ಲ ಸಾಮಿ. 'ಮಾಡಿ, ಮಾಡಿ' ಅಂದೋರು ಇವರೇ."

ಚೆನ್ನಿಯಪ್ಪನ್ ಮೀಸೆಯ ಮೇಲೆ ಕೈ ಇಟ್ಟ.

"ಮಾಡಿಯ ಮೇಲೆ ಮಾಡಿ, ಎರಡು ಮಾಡಿ!" ಅಧ್ಯಕ್ಷರ ಕಣ್ಣರಳಿತು. "ಇಂಥ ದೊಡ್ಡ ಯೋಚನೆಯನ್ನ ಮೆಟ್ಟಿಲಲ್ಲೇ ನಿಲ್ಲಿಸೋದಾ? ಇಟ್ಟಿಗೆ ನಾನು ಕೊಡಿಸ್ತೀನಿ. ಎರಡೂ ಏಳೋವರೆಗೆ ನೀನೇ ನಿಂತು ನೋಡ್ಕೋ, ಮಗ್ಗದ ಕಡೆ ಹೋಗ್ಬೇಡ. ಹೆಸರು ಆಮೇಲೆ ಕೆತ್ತಿಸೋಣ."

ಕಾರು ಹೋಯಿತು. ಕಲ್ಲು ಮೊದಲಿನಂತೆಯೇ ಖಾಲಿ. ಮೇಸ್ತ್ರಿ ಕೈಮುಗಿದು ಕೇಳಿದ: "ಅಯ್ಯಾ, ನಾಳೆಯಿಂದ್ಲೇ ಶುರು ಮಾಡ್ಲಾ?"

ಚೆನ್ನಿಯಪ್ಪನ್‌ನ ಹಲ್ಲು ಮತ್ತೆ ಚುಳ್ಳೆಂದಿತು. ಬಾಯಿ ತೆರೆದ. ಕಮಲಾತಾಳ್ ಓಡಿಬಂದು ಕೈ ಅಡ್ಡ ಹಿಡಿದಳು.

"ಬ್ಯಾಡ! ಬರೀ ತಲೆ ಆಡ್ಸಿ, ಸಾಕು!"