ತೊಗರಿಬ್ಯಾಳಿ ಆರಿಸಿದ ನೀರು

ನಳ ಕೂಡಿಸೋ ಮಿಸ್ತ್ರಿಗೆ ನೀರಿಗಿಂತ ಮಂದೀದೇ ತ್ರಾಸು ಜಾಸ್ತಿ. ಪೈಪಿನ್ಯಾಗ ಕಸ ಸಿಕ್ಕರ ತಗೀಬಹುದು. ತಲಿಯಾಗ ಸಿಕ್ಕಿದ್ದು ಯಾವ ಪಾನಾ ಹಾಕಿ ತಿರುವಿದ್ರೂ ಬರೂದಿಲ್ಲ.

ರಜಾಕಾರರ ಗದ್ದಲದಾಗ ಅರ್ಧಕ್ಕ ನಿಂತಿದ್ದ ಒಂದು ಲಾಡ್ಜು, ಪೊಲೀಸ್ ಕಾರ್ಯಾಚರಣಿ ಆದ ಮ್ಯಾಲ ಸೇಡಂ ರಸ್ತಿಯಾಗ ಮತ್ತ ಎದ್ದಿತು. ಎರಡು ಅಂತಸ್ತು. ಸಾವ್ಕಾರ್ರು ಕಮಲಾಪುರದವರು. ಹಿತ್ತಲದಾಗಿನ ಬಾವಿ ನೀರು ಆಳಿನ ಕೈಲೆ ಹೊರಸೂದೋ, ಎಂಜಿನ್ ಹಚ್ಚಿ ಮಾಳಗಿ ಮ್ಯಾಲಿನ ಟಾಕಿಗೆ ಏರಸೂದೋ ಅಂತ ಅವರಿಗೆ ದೊಡ್ಡ ವಿಚಾರ.

"ಟಾಕಿ ಚಲೋ ನಡದ್ರ ನೀ ಇಲ್ಲೇ ಕಾಯಂ. ಇಲ್ಲಂದ್ರ ಪೈಪು ಕಿತ್ಕೊಂಡು ನಡಿ" ಅಂದ್ರು. ಆಗಷ್ಟ ನನ್ನ ಲಗ್ನ ಆಗಿತ್ತು. ಕಾಯಂ ಅನ್ನೋದು ಕೇಳಿ ಜೀವ ಹಿಗ್ಗಿತು.

ಸಾವ್ಕಾರ್ರ ಖಾತ್ರಿ

ನೀರು ತಾನೇ ಮ್ಯಾಲ ಹತ್ತತದ ಅಂದ್ರ ಸಾವ್ಕಾರ್ರು ನಂಬಲಿಲ್ಲ. "ಕಣ್ಣಿಲೆ ನೋಡಬೇಕು" ಅಂತ ನಿಚ್ಚಣಿಕಿ ಹಚ್ಚಿ, ಖಾಲಿ ಟಾಕಿಯೊಳಗ ಇಳದು ನಿಂತ್ರು. ನನಗೇನು ಗೊತ್ತು? ಕೆಳಗ ಎಂಜಿನ್ ಶುರು ಮಾಡ್ದೆ. ಅದರ ಗದ್ದಲದಾಗ ಅವರು ಕೂಗಿದ್ದು ಕೇಳಲಿಲ್ಲ. ಕಡೀಕ ಬಂದ್ ಮಾಡಿ ಓಡಿಹೋಗಿ ನೋಡ್ತೇನಿ, ಸಾವ್ಕಾರ್ರು ಸೊಂಟದ ಮಟ ನೀರಾಗ, ತಲಿ ಮ್ಯಾಲ ರುಮಾಲ.

"ಸಾಕೋ ಮಾರಾಯಾ, ನಂಬೇನಿ!"

ಗಿಡದ ಹಾಲು

ಮಡಿ ಮಂದಿಗೆ ಈ ನೀರು ನಡೀತದೋ ಇಲ್ಲೋ ನೋಡಾಕ ಸಾವ್ಕಾರ್ರು ಬ್ರಹ್ಮಪುರದ ಆಚಾರ್ರನ್ನ ಕರಸಿದ್ರು. ನೀರು ಸೋರದಂಗ ನಳದೊಳಗ ಹಾಕೋ ವಾಯ್ಸರ್ ಚರ್ಮದ್ದು, ಆ ನೀರು ಮಡಿಗೆ ಬರೂದಿಲ್ಲ ಅಂತ ಅವರು ದೂರ ನಿಂತ್ರು. ನಾ ಚರ್ಮ ತಗದು ರಬ್ಬರಿಂದು ಹಾಕಿದೆ.

"ರಬ್ಬರ್ ಅಂದ್ರ ಎಂಥಾದ್ದು?"

"ಗಿಡದ ಹಾಲ್ರೀ, ಹೆಪ್ಪುಗಟ್ಟಿದ್ದು."

ಆಚಾರ್ರು ಕಣ್ಣು ಮುಚ್ಚಿ ವಿಚಾರ ಮಾಡಿದ್ರು. "ಹಂಗಾದ್ರ ಏಕಾದಶಿಗೂ ನಡೀತದ."

ಎರಡು ಗಡಗಿ

ಇನ್ನ ಒಪ್ಪೂದು ಉಳದದ್ದು ಸಾವ್ಕಾರ್ರ ಅವ್ವಂದು. ಮುದುಕಿ ಹಟ ಒಂದೇ: "ನೀರಿನ ಗುಣ ಬ್ಯಾಳಿ ಹೇಳ್ತದ. ನಮ್ಮ ಕಮಲಾಪುರದ ನೀರಾಗ ತೊಗರಿಬ್ಯಾಳಿ ಬೆಣ್ಣಿ ಆಗ್ತದ. ಇಲ್ಲಿ ನೀರಾಗ ಬೇಯಲಿಲ್ಲಂದ್ರ ಟಾಕಿ ಬ್ಯಾಡ." ಅವ್ವನ ಮಾತು ಸಾವ್ಕಾರ್ರು ಮೀರೋ ಪೈಕಿ ಅಲ್ಲ.

ಊರಿಂದ ಒಂದು ತಾಮ್ರದ ಕೊಡ ನೀರು ತರಾಕ ಮುದುಕಿ ತಮ್ಮ ಅಳಿಯಗ ಹೇಳಿ ಕಳಿಸಿದ್ರು. ಅವರು ಬಸ್ಸಿನ್ಯಾಗ ತಂದ್ರು. ಎರಡು ಒಲಿ, ಎರಡು ಗಡಗಿ. ಅಡಗಿ ಮುದುಕೀದೇ. ಊರ ನೀರಿನ ಗಡಗಿ ಬುಡಕ್ಕ ನಾಕು ಕಟಗಿ ತುರುಕಿದ್ರು, ನನ್ನ ಟಾಕಿ ನೀರಿನ ಗಡಗಿಗೆ ಒಂದೇ ಒಂದು. ನಾ ನೋಡೇ ನೋಡ್ದೆ. ಬಾಯಿ ಬಿಡೋ ಧೈರ್ಯ ಎಲ್ಲಿಂದು?

ಎರಡೂ ಬ್ಯಾಳಿ ಹಿಚಕಿ ನೋಡಿ ಮುದುಕಿ ಹೇಳಿದ್ರು: "ಟಾಕೀದು ಕಲ್ಲು. ನಮ್ಮೂರದು ಬೆಣ್ಣಿ! ನೀರಂದ್ರ ಇದು."

ಸಾವ್ಕಾರ್ರು ನನ್ನ ಮುಖ ನೋಡದ "ಪೈಪು ಬಿಚ್ಚು ಮಿಸ್ತ್ರಿ" ಅಂದ್ರು. ಮನ್ಯಾಗ ಹೇಣ್ತಿಗೆ ಏನು ಹೇಳಲಿ ಅಂತ ಪಾನಾ ತಗೊಂಡು ಎದ್ದೆ.

"ತಡಿ ಮಿಸ್ತ್ರಿ." ಅಳಿಯಾರು ಎದ್ದು ನಿಂತಿದ್ರು, ಮುಖ ಕೆಂಪಗಾಗಿತ್ತು. "ಅತ್ತಿ, ಸಿಟ್ಟಾಗಬ್ಯಾಡ್ರಿ. ಬಸ್ಸು ಕುಣದ ಕುಣತಕ್ಕ ಊರ ನೀರೆಲ್ಲಾ ನನ್ನ ಧೋತರದ ಮ್ಯಾಲೇ ಚೆಲ್ಲೇದ. ಖಾಲಿ ಕೊಡ ಹ್ಯಾಂಗ ತರೂದಂತ, ಒಳಗ ಬರೋ ಮುಂದ ಇದೇ ಟಾಕಿ ನಳಕ್ಕ ಹಿಡದು ತುಂಬೇನಿ."

ಮನಿ ಅಳಿಯಗ ಬೈಯಂಗಿಲ್ಲ. ಮುದುಕಿ ಎರಡೂ ಗಡಗಿ ನೋಡಿ, ಕಟಗಿ ನೋಡಿ ಅಂದ್ರು: "ನೀರು ಎಲ್ಲೀದರ ಇರ್ಲಿ, ಕೊಡ ನಮ್ಮೂರದಲ್ಲೇನು? ರುಚಿ ಕೊಡದಾಗ ಅದ. ಮಿಸ್ತ್ರಿ, ಅದನ್ನ ಒಯ್ದು ಟಾಕಿಯೊಳಗ ಇಡು."

ಇಟ್ಟೆ. ಕಾಯಂ ಆದೆ.

ಲಾಡ್ಜು ತೆರದ ದಿನ ಕಮಲಾಪುರದವರೊಬ್ಬರು ಬಂದು ಇಳಕೊಂಡ್ರು. ನಳದ ನೀರು ಗಟಗಟ ಕುಡದು, "ಏನ್ ನೀರ್ರೀ ಇದು! ಇಂಥಾದ್ದು ನಮ್ಮೂರಾಗ ಎಲ್ಲಿ ಅದ?" ಅಂದ್ರು.

ನಾ ಮುದುಕಿ ಮುಖ ನೋಡ್ದೆ. ಅವರು ಹೇಳಿದ್ರು: "ಮಿಸ್ತ್ರಿ, ಆ ಕೊಡ ಹೊರಗ ತಗಿ. ತುಂಬಿ ಅಳಿಯನ ಕೈಲೆ ಕೊಡು. ಊರಿಗೆ ಒಯ್ದು ನಮ್ಮ ಬಾವಿಗೆ ಹಾಕಲಿ."